ಟವೆಲ್ಲಿನ ಕೆಳಗೆ ಹಳೇ ಗಾಡಿಯ ಖರೇ ಬೆಲೆ

ಬೆಳಗಿನ ಆರೂಕಾಲು. ನಿಪ್ಪಾಣಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಭೋಜ ಊರಿನ ಭರಮು ತನ್ನ ಅಂಬಾಸಿಡರ್ ಒರೆಸುತ್ತಿದ್ದಾನೆ. ಗಾಡಿ ಎಪ್ಪತ್ತೊಂದನೇ ಇಸವಿಯದು, ಈಗ ತೊಂಬತ್ನಾಲ್ಕು. ಇವತ್ತಿಗೆ ಅದರ ವಿಮೆ ಮುಗಿಯುತ್ತದೆ. ವಿಮಾ ಏಜೆಂಟ್ ಮುರಗೆಪ್ಪ ಬಾನೆಟ್ಟಿನ ಮೇಲೆ ಚೀಲ ಇಟ್ಟು, ಹೆಗಲ ಮೇಲಿನ ಟವೆಲ್ ಬಿಡಿಸುತ್ತಾರೆ.

"ಈಗ ಮಾರಿದರ ಎಷ್ಟಕ್ಕ ಹೋದೀತೋ ಭರಮು?"

"ನಲವತ್ತ ಸಾವಿರಕ್ಕ ಕೇಳ್ಯಾರ್ರಿ ಕಾಕಾ, ನಾನ ಕೊಟ್ಟಿಲ್ಲ!" ಪಕ್ಕದ ಡ್ರೈವರುಗಳಿಗೂ ಕೇಳಲಿ ಎಂದು ಭರಮು ದನಿ ಏರಿಸುತ್ತಾನೆ.

"ಕೇಳ್ಯಾರ ಬಿಡು. ಕೈ ತಾ ಇಲ್ಲೆ."

ಇಬ್ಬರ ಕೈಗಳೂ ಟವೆಲ್ಲಿನ ಕೆಳಗೆ ಸೇರುತ್ತವೆ. ದನದ ಸಂತೆಯಲ್ಲಿ ದಲಾಲರು ವ್ಯಾಪಾರ ಕುದುರಿಸುವ ರೀತಿ ಇದು. ಬೆಲೆಯನ್ನು ಬೆರಳು ಹಿಡಿದು ಹೇಳಬೇಕು, ಬಾಯಿ ಬಿಡುವಂತಿಲ್ಲ. ಭರಮು ಮೊದಲು ಹತ್ತುಗಳಿಗೆ ಎರಡು ಬೆರಳು ಹಿಡಿಯುತ್ತಾನೆ, ಆಮೇಲೆ ಬಿಡಿಗೆ ಎರಡು. ಇಪ್ಪತ್ತೆರಡು ಸಾವಿರ. ಮುರಗೆಪ್ಪನವರ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಟವೆಲ್ ಮತ್ತೆ ಹೆಗಲಿಗೇರುತ್ತದೆ.

ಏಕಸಂಬಿಯ ಮುರಗೆಪ್ಪನವರಿಗೆ ಐವತ್ಮೂರು ವರ್ಷ. ತಂದೆ ಎತ್ತಿನ ದಲಾಲರಾಗಿದ್ದರು. ಆ ವಿದ್ಯೆಯನ್ನೇ ಮಗ ಕಾರಿನ ವಿಮೆಗೆ ಹಚ್ಚಿದ್ದಾರೆ. ಹಳೇ ಗಾಡಿಯ ಮಾಲೀಕ ನಾಲ್ಕು ಮಂದಿಯ ಎದುರು ಸತ್ತರೂ ಖರೇ ಬೆಲೆ ಹೇಳುವುದಿಲ್ಲ. ಬೆಲೆ ತಿಳಿಯದೆ ಯಾವ ವಿಮೆ ಸರಿ ಎಂದು ಹೇಳುವುದಾದರೂ ಹೇಗೆ? ಥರ್ಡ್ ಪಾರ್ಟಿ ಎನ್ನುವುದು ಕಾನೂನು ಕೇಳುವಷ್ಟೇ ವಿಮೆ. ನಿಮ್ಮ ಗಾಡಿ ಯಾರಿಗಾದರೂ ಬಡಿದರೆ ಅವರಿಗೆ ಪರಿಹಾರ, ನಿಮ್ಮದು ನುಚ್ಚುನೂರಾದರೆ ನಿಮಗೆ ಸೊನ್ನೆ. ಫುಲ್ ಮಾಡಿಸಿದರೆ ನಿಮ್ಮ ಗಾಡಿಗೂ ಸಿಗುತ್ತದೆ. ಆದರೆ ಕಂತು ಮೂರು ಪಟ್ಟು, ಗಾಡಿ ಹಳತಾದಷ್ಟೂ ಕೈಗೆ ಬರುವುದು ಕಡಿಮೆ.

"ಹದಿನೆಂಟ ವರ್ಷದಿಂದ ಇದನ್ನ ಹೇಳಿ ಹೇಳಿ ನಾಲಿಗಿ ಸವದೈತ್ರಿ," ಎನ್ನುತ್ತಾರೆ ಮುರಗೆಪ್ಪ. "ಫುಲ್ ಮಾಡ್ಸು ಅಂದರ ಕಮಿಷನ್ ಸಲುವಾಗಿ ಹೇಳ್ತಾನ ಅಂತಾರ. ಬ್ಯಾಡ ಅಂದರ ಇವಗೇನ ತಿಳಿತೈತಿ ಅಂತಾರ. ಎತ್ತ ಬಾಯಿಲೆ ಮಾತಾಡೂದಿಲ್ಲ ನೋಡ್ರಿ, ಅಪ್ಪನ ಧಂದೇನ ಚಲೋ ಇತ್ತು."

ಇವತ್ತು ನಿಪ್ಪಾಣಿ, ನಾಳೆ ಚಿಕ್ಕೋಡಿ, ನಾಡಿದ್ದು ರಾಯಬಾಗ, ಆಮೇಲೆ ಅಥಣಿ, ಕಾಗವಾಡ. ದಿನಕ್ಕೆ ನಾಲ್ಕು ಬಸ್ಸು ಹತ್ತಿಳಿದು, ಹತ್ತು ಹನ್ನೆರಡು ಬಾಗಿಲು ಬಡಿದರೆ ಎರಡು ಪಾಲಿಸಿ ಆದದ್ದೇ ಪುಣ್ಯ. ಮೊಣಕಾಲು ಊದಿಕೊಂಡಿದೆ. "ಎತ್ತ ಮಾರಿದ್ದರ ಮನ್ಯಾಗ ಹಗ್ಗಾದರೂ ಉಳೀತಿತ್ತು, ಇವರು ಬರೇ ಹಾಳಿ ತರತಾರ," ಎಂದು ಹೆಂಡತಿ ಗಿರಿಜವ್ವ ಛೇಡಿಸುತ್ತಾರೆ. ಮೊನ್ನೆಯಷ್ಟೇ ಅಕ್ಕೋಳದ ರಾವಸಾಹೇಬರು, ಮನೆಯಲ್ಲಿ ನಾಲ್ಕು ಕಾರಿರುವ ಕಬ್ಬಿನ ಧಣಿ, ಶೆಡ್ಡಿನಲ್ಲಿ ನಿಂತ ಹಳೇ ಫಿಯೆಟ್ಟಿಗೂ ಫುಲ್ಲೇ ಬೇಕೆಂದು ಹಟ ಹಿಡಿದಿದ್ದರು. "ನಾಳೆ ಸುಟ್ಟರ ನಾಡಿದ್ದ ಇನ್ನೊಂದ ತರ್ತೀರಿ, ಥರ್ಡ್ ಪಾರ್ಟಿ ರಗಡ ಆತ್ರಿ," ಎಂದು ಹೇಳಿ ಮುರಗೆಪ್ಪ ತಮ್ಮ ಕಮಿಷನ್ನಿಗೆ ತಾವೇ ಕಲ್ಲು ಹಾಕಿಕೊಂಡು ಬಂದರು.

ಭರಮುವಿನದು ಅದರ ತಿರುವು ಮುರುವು. "ನನಗ ಥರ್ಡ್ ಪಾರ್ಟಿ ಸಾಕ್ರಿ ಕಾಕಾ. ಪೊಲೀಸರು ಹಿಡೀಬಾರದು, ಅಷ್ಟ. ಇದ್ದ ರೊಕ್ಕದಾಗ ಸೀಟ ಹೊಲಿಸಬೇಕು. ಲಗ್ನದ ಸೀಜನ್ ಬಂತು, ಹರಕ ಸೀಟಿನ ಗಾಡಿ ಯಾರ ಕರೀತಾರ?"

"ಈ ಗಾಡಿ ನಾಳೆ ಹೋದರ ಇನ್ನೊಂದ ತರಾಕ ಆಕ್ಕೈತೇನ?"

ಭರಮು ಬಟ್ಟೆ ಎತ್ತಿಕೊಂಡು ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾನೆ. ಆಗ ಮುರಗೆಪ್ಪ ಯಾವ ಏಜೆಂಟನೂ ಗಿರಾಕಿಗೆ ಹೇಳದ ಮಾತು ಹೇಳುತ್ತಾರೆ. ಮೂರು ವರ್ಷದ ಹಿಂದೆ ರಾಯಬಾಗದ ಧೂಳಪ್ಪನ ಟ್ಯಾಕ್ಸಿಗೆ ಟವೆಲ್ಲಿನ ಕೆಳಗೆ ಬಂದ ಬೆಲೆ ಹದಿನೆಂಟು ಸಾವಿರ. ಇಷ್ಟು ಅಗ್ಗದ ಗಾಡಿಗೆ ಫುಲ್ ಯಾಕೆ ಎಂದು ಇವರೇ ಥರ್ಡ್ ಪಾರ್ಟಿ ಮಾಡಿಸಿದರು. ಎಂಟು ತಿಂಗಳಿಗೆ ಎಮ್ಮೆಗೆ ದಾರಿ ಬಿಡಲು ಹೋಗಿ ಗಾಡಿ ಕಾಲುವೆಗೆ ಬಿತ್ತು. ಧೂಳಪ್ಪ ಬದುಕಿದ, ಗಾಡಿ ಬದುಕಲಿಲ್ಲ.

"ನನ್ನ ಲೆಕ್ಕಾ ಖರೇ ಇತ್ತೋ ತಮ್ಮಾ. ಗಾಡಿ ಬೆಲಿ ಲೆಕ್ಕಕ್ಕ ಹಿಡದ್ನಿ, ಅಂವನ ಹೊಟ್ಟಿ ಹಿಡೀಲಿಲ್ಲ. ಈಗ ಮಂದಿ ಲಾರಿಗೆ ಹಮಾಲಿ ಮಾಡಾಕತ್ತಾನ. ಎದುರ ಸಿಕ್ಕರ ನಮಸ್ಕಾರ ಮಾಡ್ತಾನ ನೋಡು, ನನಗ ನೆಲಾ ಸೀಳಿ ಇಳದ ಹೋಗೂವಂಗ ಆಕ್ಕೈತಿ."

"ಮತ್ತ ಏನೂ ಆಗಲಿಲ್ಲಂದರ?" ಎನ್ನುತ್ತಾನೆ ಭರಮು.

"ರೊಕ್ಕಾ ನೀರಾಗ ಹೋತು ಅನ್ಕೊ."

ಭರಮು ಹರಿದ ಸೀಟಿನ ಮೇಲೆ ಕೈಯಾಡಿಸುತ್ತಾನೆ. ಕೊನೆಗೆ ಕಿಸೆಗೆ ಕೈ ಹಾಕುತ್ತಾನೆ. "ನಡ್ರಿ ಅತ್ಲಾಗ, ಫುಲ್ಲ ಮಾಡಸೂಣು!"

ಅಲ್ಲಿಗೂ ಮುಗಿಯಲಿಲ್ಲ. ಕಂಪನಿಯ ಕಚೇರಿಯಲ್ಲಿ ಸಾಹೇಬರು ಅರ್ಜಿಯನ್ನು ಪಕ್ಕಕ್ಕೆ ತಳ್ಳುತ್ತಾರೆ. "ಇಷ್ಟ ಹಳೇ ಡಬ್ಬಿಗೆ ಫುಲ್ಲಾ? ಆಗೂದಿಲ್ಲ, ನಾಳೆ ಬಾ."

"ನಾಳೆ ಅಂದರ ಗಾಡಿಗೆ ವಿಮೇನೇ ಇರೂದಿಲ್ರಿ. ಕೆಳಗ ನಿಂತೈತಿ, ಒಂದ ಸರ್ತಿ ಕಣ್ಣಿಲೆ ನೋಡ್ರಿ," ಎಂದು ಮುರಗೆಪ್ಪ ಬಾಗಿಲ ಬಳಿ ಗೋಡೆಗೆ ಒರಗುತ್ತಾರೆ. ಎರಡು ತಾಸು ನಿಲ್ಲುತ್ತಾರೆ. ಊಟಕ್ಕೆ ಏಳುವ ಮುನ್ನ ಸಾಹೇಬರು ಗೊಣಗುತ್ತಲೇ ಇಳಿದು ಗಾಡಿ ನೋಡುತ್ತಾರೆ, ಎಂಜಿನ್ ಶುರು ಮಾಡಿಸುತ್ತಾರೆ, ಅರ್ಜಿಗೆ ಕಂಪನಿಯ ಸಿಕ್ಕಾ ಒತ್ತುತ್ತಾರೆ.

ಭರಮು ಥ್ಯಾಂಕ್ಸ್ ಅನ್ನಲಿಲ್ಲ. ಮುಖ ಗಂಟು ಹಾಕಿಕೊಂಡೇ ಗಾಡಿ ತಿರುಗಿಸಿ ಹೋದ. ಮುರಗೆಪ್ಪ ಚಹಾದಂಗಡಿಯಲ್ಲಿ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಾರೆ. ಕೆಲಸ ಆಯಿತಲ್ಲ, ಸಂತೋಷವೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಸಂತೋಷ ಈಗ ಎಲ್ಲೀದ್ರಿ? ಬರೂ ವರ್ಷ ಇದ ದಿನಾ, ಇದ ಗಾಡಿ ತಗೊಂಡ ಅಂವಾ ಬರಬೇಕು. ಸ್ಟ್ಯಾಂಡಿನ ಮಂದಿ ಎಲ್ಲಾ ಕೇಳೂವಂಗ, 'ಕಾಕಾ, ನನ್ನ ರೊಕ್ಕಾ ಹಾಳ ಮಾಡ್ಸಿದ್ರಿ' ಅಂತ ಬಾಯಿ ತುಂಬ ಬೈಬೇಕು. ನನಗ ಅಷ್ಟ ಸಾಕ್ರಿ."