ಹೋಗುವವರ ಲೆಕ್ಕ, ಕಳಿಸುವವರ ಲೆಕ್ಕ

ಬೆಳಗಿನ ಐದು ಇಪ್ಪತ್ತು. ರಾಜಧಾನಿಯ ವಿಮಾನ ನಿಲ್ದಾಣಕ್ಕೆ ಹೋಗುವ ಮೊದಲ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿದೆ. ಅದರ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಕಂಬಕ್ಕೆ ಒರಗಿ ನಿಂತ ಹೆಂಗಸಿಗೆ ಮಾತ್ರ ಎಲ್ಲಿಗೂ ಹೋಗುವ ಅವಸರವಿಲ್ಲ. ಬೂದು ಬಣ್ಣದ ಸ್ವೆಟರಿನ ಎರಡೂ ಜೇಬುಗಳಲ್ಲಿ ಕೈ ಇಳಿಬಿಟ್ಟಿದ್ದಾರೆ. ಚಳಿಗೆ ಇರಬೇಕು ಅಂದುಕೊಂಡರೆ ನೀವೂ ನನ್ನ ಹಾಗೆ ಬೇಸ್ತು ಬೀಳುತ್ತೀರಿ. ಹತ್ತಿರ ಹೋದರೆ ಜೇಬಿನೊಳಗಿನಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು ಕೇಳುತ್ತದೆ.

ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಅಂಕಿ ಏರುವ ಎಣಿಕೆ ಯಂತ್ರಗಳು ಅವು. ಎರಡು ಜೇಬಿಗೆ ಎರಡು. ಬಲಗೈಯದು ವಿಮಾನ ಹತ್ತುವವರಿಗೆ, ಎಡಗೈಯದು ಅವರನ್ನು ಕಳಿಸಲು ಬಂದವರಿಗೆ. ಒಂದು ಕುಟುಂಬ ಬರುತ್ತದೆ: ಎರಡು ಸೂಟ್‌ಕೇಸು, ಆರು ಜನ. ಬಲಗೈ ಒಂದು ಸಲ ಒತ್ತುತ್ತದೆ, ಎಡಗೈ ಐದು ಸಲ. ನನಗಂತೂ ಆ ಆರು ಜನರಲ್ಲಿ ಹೋಗುವವರು ಯಾರು ಎಂದು ಗೊತ್ತಾಗಲಿಲ್ಲ. ಎಲ್ಲರ ಮುಖವೂ ಒಂದೇ ಥರ ಬಾಡಿತ್ತು.

"ಮುಖ ನೋಡಬಾರದು ರೀ, ಕೈ ನೋಡಬೇಕು" ಎನ್ನುತ್ತಾರೆ ಅವರು. "ಹೋಗೋರು ಪದೇ ಪದೇ ಜೇಬು ಮುಟ್ಟಿ ನೋಡ್ಕೋತಾರೆ, ಪಾಸ್‌ಪೋರ್ಟ್ ಇದೆಯಾ ಅಂತ. ಕಳಿಸೋಕೆ ಬಂದೋರು ಗಡಿಯಾರ ನೋಡ್ತಾರೆ. ಅಳೋದು ಇಬ್ಬರೂ ಅಳ್ತಾರೆ, ಅದನ್ನ ನಂಬೋ ಹಾಗಿಲ್ಲ."

ಬಸ್ ನಿಲ್ದಾಣದಲ್ಲಿ ಇವರಿಗೆ ಲೆಕ್ಕದಕ್ಕ ಎಂದೇ ಹೆಸರು. ಊರಿನಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಹೊಸ ಮಾರ್ಗಗಳ ವಿಭಾಗ ಎಂಬ ಒಂದು ಕೋಣೆಯಿದೆ. ಯಾವ ಊರಿಗೆ ನೇರ ವಿಮಾನ ಬಿಟ್ಟರೆ ಜನ ಹತ್ತುತ್ತಾರೆ ಎಂದು ಲೆಕ್ಕ ಹಾಕಿ, ವಿಮಾನ ಕಂಪನಿಗಳ ಬಾಗಿಲು ಬಡಿಯುವುದು ಆ ವಿಭಾಗದ ಕೆಲಸ. ಅಲ್ಲಿರುವವರು ಇಬ್ಬರೇ. ಮ್ಯಾನೇಜರು ಸೂಟು ಹಾಕಿಕೊಂಡು ಸಮ್ಮೇಳನಗಳಿಗೆ ಹೋಗುತ್ತಾರೆ. ಲೆಕ್ಕದಕ್ಕ ಸ್ವೆಟರು ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಬರುತ್ತಾರೆ. ಹದಿನಾರು ವರ್ಷದಿಂದ ಹೀಗೇ ನಡೆದಿದೆ.

ಆ ಕೋಣೆಯ ಗೋಡೆಯ ತುಂಬ ಏಷ್ಯಾದ ನಕ್ಷೆ. ಊರಿಂದೂರಿಗೆ ಗುಂಡುಸೂಜಿ ಚುಚ್ಚಿ ಕೆಂಪು ದಾರ ಎಳೆದಿದ್ದಾರೆ. ವರ್ಷ ವರ್ಷಕ್ಕೂ ದಾರ ಹೆಚ್ಚಾಗಿ ಈಗ ಅಲ್ಲಿ ಸಮುದ್ರವೇ ಕಾಣುವುದಿಲ್ಲ. ಹೆಸರು ಕೇಳದ ಊರುಗಳಿಗೂ ವಿಮಾನ ಬಂತು, ದೊಡ್ಡ ನಿಲ್ದಾಣಗಳಲ್ಲಿ ಇಳಿಯಲು ಜಾಗವಿಲ್ಲ ಎಂದು ಮ್ಯಾನೇಜರು ಕೋಲು ಹಿಡಿದು ವಿವರಿಸುತ್ತಾರೆ. ಈ ಊರಿನಿಂದ ಹೊರಟಿರುವುದು ಒಂದೇ ದಾರ, ಅದೂ ರಾಜಧಾನಿಗೆ. ಅದರ ಟಿಕೆಟ್ಟು ದುಬಾರಿ, ದುಡಿಯಲು ಹೋಗುವವರು ಬಸ್ಸನ್ನೇ ಹತ್ತುತ್ತಾರೆ. ಕಡಲಾಚೆಯ ಬಂದರು ನಗರದ ಮೇಲೆ ಸೂಜಿ ಕಿತ್ತ ಒಂದು ತೂತು ಮಾತ್ರ ಉಳಿದಿದೆ.

ಆ ತೂತಿನ ಕಥೆಯನ್ನು ಲೆಕ್ಕದಕ್ಕ ತಾವಾಗಿಯೇ ಹೇಳುತ್ತಾರೆ. ಮುಚ್ಚಿಡುವ ಜಾಯಮಾನ ಅವರದಲ್ಲ.

ಈ ಊರಿನಿಂದ ಹೊರದೇಶಕ್ಕೆ ದುಡಿಯಲು ಹೋಗುವವರೆಲ್ಲ ಹೆಚ್ಚೂಕಡಿಮೆ ಆ ಬಂದರು ನಗರಕ್ಕೇ ಹೋಗುತ್ತಾರೆ. ಗಂಡಸರು ಹಡಗು ಕಟ್ಟುವ ಕಾರ್ಖಾನೆಗೆ, ಹೆಂಗಸರು ಆಸ್ಪತ್ರೆಗಳಿಗೆ. ನೇರ ವಿಮಾನವಿದ್ದರೆ ಮೂರೂವರೆ ಗಂಟೆಯ ದಾರಿ. ಈಗ ಐದೂವರೆ ಗಂಟೆ ಬಸ್ಸು, ನಾಲ್ಕು ಗಂಟೆ ಕಾಯುವುದು, ಆಮೇಲೆ ವಿಮಾನ. ಐದು ವರ್ಷದ ಹಿಂದೆ ಒಂದು ಕಂಪನಿ ನೇರ ವಿಮಾನ ಬಿಡಲು ಮುಂದೆ ಬಂತು. ದಿನಕ್ಕೆ ಎಷ್ಟು ಜನ ಸಿಗುತ್ತಾರೆ ಎಂದು ಕೇಳಿತು. ಲೆಕ್ಕದಕ್ಕ ಬೆಳಗಿನ ನಾಲ್ಕೂ ಬಸ್ಸುಗಳ ಬಾಗಿಲಲ್ಲಿ ನಿಂತು "ಎಲ್ಲಿಗೆ?" ಎಂದು ವಿಚಾರಿಸಿದರು. ಎಲ್ಲರೂ "ವಿಮಾನ ನಿಲ್ದಾಣಕ್ಕೆ" ಅಂದರು. ಎಲ್ಲರಿಗೂ ಗುರುತು ಹಾಕಿದರು. ಸರಾಸರಿ ದಿನಕ್ಕೆ ನೂರಾ ಅರವತ್ತು ಎಂದು ಬರೆದು ಕೊಟ್ಟರು.

"ಒಬ್ಬರೂ ಸುಳ್ಳು ಹೇಳಿರಲಿಲ್ಲ, ಎಲ್ಲರೂ ಹೋಗ್ತಿದ್ದದ್ದು ವಿಮಾನ ನಿಲ್ದಾಣಕ್ಕೇ" ಎಂದು ನಗುತ್ತಾರೆ. "ಒಬ್ಬನ್ನ ಕಳಿಸೋಕೆ ಅಪ್ಪ, ಅಮ್ಮ, ಚಿಕ್ಕಪ್ಪ, ಅವರ ಜೊತೆ ಸುಮ್ನೆ ವಿಮಾನ ನೋಡೋಕೆ ಒಬ್ಬ. ನಾನು ಎಲ್ಲರನ್ನೂ ಹಾರಿಸಿಬಿಟ್ಟೆ."

ನೂರಾ ಎಂಬತ್ತು ಸೀಟಿನ ವಿಮಾನ ಬಂತು. ಬ್ಯಾಂಡು, ಭಾಷಣ ಎಲ್ಲ ಆಯಿತು. ಎರಡನೇ ವಾರದಿಂದ ಅರವತ್ತು ಜನ ದಾಟಲಿಲ್ಲ. ತಪ್ಪು ಎಲ್ಲಾಗಿದೆ ಎಂದು ಮೊದಲು ಹಿಡಿದವರು ಲೆಕ್ಕದಕ್ಕನ ಯಜಮಾನರು. ಬಸ್ ನಿಲ್ದಾಣದ ಎದುರಿಗೇ ಅವರದು ಸೂಟ್‌ಕೇಸ್ ರಿಪೇರಿ ಅಂಗಡಿ. ಒಂದು ದಿನ ಮುರಿದ ಚಕ್ರವೊಂದನ್ನು ಬಿಚ್ಚುತ್ತ ಅವರು ಕೇಳಿದರಂತೆ: "ನೂರಾ ಅರವತ್ತು ಜನ ಹೋಗ್ತಾರೆ ಅಂತ ಬರ್ದಿದ್ದೀಯಲ್ಲ, ಹಾಗಾದ್ರೆ ಅವರ ಪೆಟ್ಟಿಗೆಗಳೆಲ್ಲಿದ್ವು? ಆಗ ನಾನು ಇಲ್ಲಿಂದ ನೋಡಿದ್ರೆ ದಿನಕ್ಕೆ ಎಪ್ಪತ್ತೂ ಕಾಣ್ತಿರಲಿಲ್ಲ." ಅಂಗೈಯಲ್ಲಿದ್ದ ಹುಣ್ಣಿಗೆ ಕನ್ನಡಿ ಬೇಕಾಗಿ ಬಂದಿತ್ತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಏಳನೇ ತಿಂಗಳಿಗೆ ಕಂಪನಿ ವಿಮಾನ ನಿಲ್ಲಿಸಿತು.

ಅದರೊಂದಿಗೆ ಹನ್ನೊಂದು ಜನರ ಕೆಲಸ ಹೋಯಿತು. ಆ ಹನ್ನೊಂದರಲ್ಲಿ ಒಬ್ಬಳು ಲೆಕ್ಕದಕ್ಕನ ಸ್ವಂತ ನಾದಿನಿ. ಪ್ರಯಾಣಿಕರ ಟಿಕೆಟ್ ನೋಡಿ ಸಾಮಾನು ತೂಗಿ ಕಳಿಸುವ ಕೌಂಟರಿನಲ್ಲಿ ಕೂರುತ್ತಿದ್ದಳು. ಈಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ಮೂವರೂ ಇರುವುದು ಎರಡು ಕೋಣೆಯ ಒಂದೇ ಮನೆಯಲ್ಲಿ. ಬೀರುವಿನ ಬಾಗಿಲು ತೆಗೆದರೆ ಕೌಂಟರಿನಲ್ಲಿ ನಾದಿನಿ ಹಾಕುತ್ತಿದ್ದ ನೀಲಿ ಕೋಟು ಪ್ಲಾಸ್ಟಿಕ್ ಚೀಲದೊಳಗೆ ಇನ್ನೂ ತೂಗುತ್ತಿದೆ. ಲೆಕ್ಕದಕ್ಕನ ಸೀರೆಗಳು ಇರುವುದೂ ಅದೇ ಬೀರುವಿನಲ್ಲಿ. ಅಂದರೆ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಆ ಕೋಟನ್ನು ಪಕ್ಕಕ್ಕೆ ಸರಿಸಿಯೇ ಅವರು ಸೀರೆ ತೆಗೆದುಕೊಳ್ಳಬೇಕು.

"ಅವಳು ಒಂದು ದಿನಾನೂ ಒಂದು ಮಾತು ಆಡಲಿಲ್ಲ. ಆಡಿದ್ರೆ ಚೆನ್ನಾಗಿರ್ತಿತ್ತು" ಎನ್ನುತ್ತಾರೆ.

ಜೇಬಿನ ಎಣಿಕೆ ಶುರುವಾದದ್ದು ಆ ಪೆಟ್ಟಿನ ನಂತರ. ಈ ಸಲ ಬೇರೊಂದು ಕಂಪನಿ ಬಂದಿದೆ. ದಿನಕ್ಕೆ ತೊಂಬತ್ತು ಜನರನ್ನು ತೋರಿಸಿ, ದಿನವೂ ವಿಮಾನ ಬಿಡುತ್ತೇವೆ ಎಂದಿದೆ. ಹದಿನಾಲ್ಕು ದಿನದ ಎಣಿಕೆಗೆ ನಾನು ಜೊತೆಯಾದದ್ದು ಕೊನೆಯ ದಿನ. ಎರಡನೇ ಬಸ್ಸಿನ ಕಂಡಕ್ಟರು ಟಿಕೆಟ್ ಯಂತ್ರವನ್ನು ಕುತ್ತಿಗೆಗೆ ನೇತುಹಾಕಿಕೊಂಡು ಬಂದು ಕೆಣಕುತ್ತಾನೆ: "ಏನಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಎಷ್ಟು ಜನ ಸಿಕ್ಕಿದ್ರು ಇವತ್ತು?"

"ನಿನ್ನ ಹೊಟ್ಟೆ ಒಬ್ಬರು ಹೊಡೆದ್ರೆ ಕರಗೋದಲ್ಲ ಬಿಡಪ್ಪ" ಎಂದು ಇವರು ಮುಖ ಎತ್ತದೆ ಉತ್ತರಿಸುತ್ತಾರೆ. ಅವನೂ ನಗುತ್ತ ಬಸ್ಸು ಹತ್ತುತ್ತಾನೆ.

ನಾಲ್ಕನೇ ಬಸ್ಸು ಹೊರಟ ಮೇಲೆ ಯಜಮಾನರ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೂಡುತ್ತಾರೆ. ಬಂದರು ನಗರ ಬಿಟ್ಟು ಬೇರೆ ಕಡೆಗೆ ಹೋಗುವ ಬೆರಳೆಣಿಕೆಯ ಜನರನ್ನು ಕೇಳಿ ತಿಳಿದು, ಅವರನ್ನು ಮೊದಲೇ ಬಿಟ್ಟಿದ್ದಾರೆ. ಹದಿನಾಲ್ಕು ದಿನದ ಸರಾಸರಿ ಎಪ್ಪತ್ತೊಂದು. ಎರಡು ಸಲ ಕೂಡಿದರೂ ಎಪ್ಪತ್ತೊಂದೇ. ತೊಂಬತ್ತಕ್ಕೆ ಹತ್ತೊಂಬತ್ತು ಕಮ್ಮಿ.

ಮ್ಯಾನೇಜರು ಆ ಸಂಖ್ಯೆ ನೋಡಿ ಮುಖ ಕಿವುಚಿದರು. "ನಾನು ಒತ್ತಾಯ ಮಾಡಿದ್ದು ನಿಜ, ಬೇಕಾದ್ರೆ ಬರ್ಕೊಳ್ಳಿ" ಎಂದು ಅವರೇ ನನಗೆ ಹೇಳಿದರು. "ಎಲ್ಲ ಊರಿನವರೂ ಒಂದಿಷ್ಟು ಸೇರಿಸಿಯೇ ಕೊಡ್ತಾರೆ. ಊರು ಬೆಳೀತಿದೆ, ನಾಳೆ ಹೇಗೂ ತೊಂಬತ್ತು ಆಗುತ್ತೆ, ಇವತ್ತೇ ಬರೆದ್ರೆ ಏನು ತಪ್ಪು ಅಂದೆ." ಲೆಕ್ಕದಕ್ಕ ಒಂದು ರಾತ್ರಿ ಸಮಯ ಕೇಳಿ ಮನೆಗೆ ಹೋದರು.

ಸಮಯ ಕೇಳಿದ್ದು ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇದ್ದದ್ದು ಇದ್ದ ಹಾಗೆ ಬರೆದರೆ ವಿಮಾನ ಬರದೇ ಹೋಗಬಹುದು, ನಾದಿನಿಯ ಕೋಟು ಬೀರುವಿನಲ್ಲೇ ಉಳಿಯಬಹುದು. ಸೇರಿಸಿ ಬರೆದರೆ ವಿಮಾನ ಬಂದೀತು. ಆಮೇಲಿನ ಮಾತು ಆಮೇಲೆ. ಊಟಕ್ಕೆ ಕೂತಾಗ ಇವರು ಎರಡೂ ದಾರಿಯನ್ನು ನಾದಿನಿಯ ಮುಂದೆ ಇಟ್ಟರು. ಊಟ ಮುಗಿಸಿ ತಟ್ಟೆ ಎತ್ತುತ್ತ ಅವಳು ಹೇಳಿದಳಂತೆ:

"ಅತ್ತಿಗೆ, ಕೋಟು ಹಾಕ್ಕೊಳ್ಳೋಕೆ ಇನ್ನೂ ನಾಲ್ಕು ವರ್ಷ ಬೇಕಾದ್ರೂ ಕಾಯ್ತೀನಿ. ಇನ್ನೊಂದು ಸಲ ಬಿಚ್ಚೋಕೆ ನನ್ನ ಕೈಲಿ ಆಗಲ್ಲ. ಇರೋದನ್ನೇ ಬರೀರಿ."

ಬೆಳಿಗ್ಗೆ ಎಪ್ಪತ್ತೊಂದು ಎಂದೇ ಬರೆದರು. ಆದರೆ ಜೊತೆಗೆ ಇನ್ನೊಂದು ಹಾಳೆ ಇಟ್ಟರು. ಅದರಲ್ಲಿ ಸರಾಸರಿ ಇರಲಿಲ್ಲ, ದಿನದಿನದ ಎಣಿಕೆ ಇತ್ತು. ಆಚೆಯ ಕಾರ್ಖಾನೆಯಲ್ಲಿ, ಆಸ್ಪತ್ರೆಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದು ಸೋಮವಾರ ಮತ್ತು ಗುರುವಾರ ಮಾತ್ರ. ರಜೆ ಮುಗಿಸಿದವರೂ ಆ ದಿನಗಳಿಗೇ ಹಾಜರಾಗಬೇಕು. ಹಾಗಾಗಿ ಶನಿ, ಭಾನು, ಮಂಗಳ, ಬುಧ ಈ ನಾಲ್ಕು ದಿನ ಬಲಗೈ ಎಣಿಕೆ ತೊಂಬತ್ತಾರರ ಆಸುಪಾಸಿಗೆ ಏರುತ್ತದೆ. ಉಳಿದ ಮೂರು ದಿನ ನಲವತ್ತನ್ನೂ ಮುಟ್ಟುವುದಿಲ್ಲ. ಇದನ್ನು ಕಂಪ್ಯೂಟರು ಹೇಳಿದ್ದಲ್ಲ. ಸರದಿಯಲ್ಲಿ ನಿಂತವರ ಜೊತೆ ಅದೂ ಇದೂ ಹರಟುತ್ತ ತಿಳಿದುಕೊಂಡದ್ದು.

ಕಂಪನಿಯವರು ಬಂದ ದಿನ ಲೆಕ್ಕದಕ್ಕನನ್ನೂ ಕೋಣೆಗೆ ಕರೆದರು. ಬಂದ ಅಧಿಕಾರಿ ಹಾಳೆ ತಿರುವಿ, ಇಷ್ಟು ಜನರನ್ನು ನಂಬಿ ದಿನವೂ ವಿಮಾನ ಬಿಡಲು ಆಗುತ್ತದೆಯೇ ಎಂದು ಕೇಳಿದರು. "ಆಗಲ್ಲ ಸರ್" ಎಂದರು ಇವರು. ಮ್ಯಾನೇಜರು ಕಣ್ಣು ಮುಚ್ಚಿಕೊಂಡರಂತೆ. "ವಾರಕ್ಕೆ ನಾಲ್ಕು ದಿನ ಬಿಡಿ, ಚಿಕ್ಕದು ಬಿಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. ಹೋದ ಸಲ ನಾನೇ ಹಾಸಿಗೆ ಅಳೆದಿದ್ದು ತಪ್ಪಾಗಿತ್ತು."

ಅಧಿಕಾರಿ ನಕ್ಕರೋ, ಸಿಟ್ಟಾದರೋ ಇವರಿಗೆ ತಿಳಿಯಲಿಲ್ಲ. ಎರಡನೇ ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡು ಹೋದರು. ಹೊರಗೆ ಕಾರು ಹತ್ತುವ ಮುಂಚೆ ಎರಡು ಸಲ ಆ ಜೇಬು ಮುಟ್ಟಿ ನೋಡಿಕೊಂಡರು. ಕಿಟಕಿಯಿಂದ ಅದನ್ನು ಕಂಡ ಲೆಕ್ಕದಕ್ಕ ಮ್ಯಾನೇಜರಿಗೆ ಹೇಳಿದರು: "ಇವರು ಹೋಗೋ ಪೈಕಿ ಸರ್. ಕಳಿಸೋಕೆ ಬಂದೋರಲ್ಲ."

ಮೂರು ವಾರ ಬಿಟ್ಟು ಪತ್ರ ಬಂತು. ನೂರಾ ಹತ್ತು ಸೀಟಿನ ವಿಮಾನ, ಶನಿ, ಭಾನು, ಮಂಗಳ, ಬುಧ. ಬರುವ ತಿಂಗಳ ಎರಡನೇ ಶನಿವಾರದಿಂದ ಶುರು. ಗೋಡೆಯ ನಕ್ಷೆಯ ಹಳೆಯ ತೂತಿಗೇ ಮ್ಯಾನೇಜರು ಸೂಜಿ ಚುಚ್ಚಿದ್ದಾರೆ. ಕೌಂಟರಿಗೆ ಅನುಭವಸ್ಥರು ಬೇಕು ಎಂದು ನಾದಿನಿಗೆ ಕರೆ ಬಂದಿದೆ. ನಾನು ಮನೆಗೆ ಹೋದಾಗ ನೀಲಿ ಕೋಟು ಚೀಲದಿಂದ ಹೊರಬಂದು ಇಸ್ತ್ರಿ ಮೇಜಿನ ಮೇಲಿತ್ತು. ತೋಳು ಸ್ವಲ್ಪ ಬಿಗಿಯಾಗಿದೆಯಂತೆ. ಹೊಲಿಗೆ ಬಿಚ್ಚುತ್ತ ಕೂತಿದ್ದ ಅವಳು ನನ್ನನ್ನು ಕಂಡು, "ಬಿಲ್ ಹಾಕಿ ಹಾಕಿ ಕೈ ದಪ್ಪ ಆಗಿದೆ" ಎಂದಳು.

ಮೊದಲ ವಿಮಾನದಲ್ಲಿ ಲೆಕ್ಕದಕ್ಕನಿಗೆ ಒಂದು ಸೀಟು ಕೊಡುವುದಾಗಿ ಮ್ಯಾನೇಜರು ಹೇಳಿದ್ದಾರೆ. ಇವರು ಒಲ್ಲೆ ಎಂದಿದ್ದಾರೆ. "ಪಾಪ, ವಿಮಾನವನ್ನೇ ಹತ್ತಿಲ್ಲ ಅಂತೆಲ್ಲ ಬರೀಬೇಡಿ ಮತ್ತೆ" ಎಂದು ನನಗೂ ಎಚ್ಚರಿಸಿದರು. "ಎರಡು ಸಲ ಹತ್ತಿದ್ದೀನಿ. ಕಿವಿ ನೋವು ಬರುತ್ತೆ."

ಹಾಗಾದರೆ ಆ ಶನಿವಾರ ಎಲ್ಲಿರುತ್ತೀರಿ ಎಂದು ಕೇಳಿದೆ.

"ಇನ್ನೆಲ್ಲಿ? ಐದು ಇಪ್ಪತ್ತಕ್ಕೆ ಬಸ್ ಸ್ಟ್ಯಾಂಡಲ್ಲಿ, ಅದೇ ಕಂಬದ ಹತ್ತಿರ. ನಾಲ್ಕು ಬಸ್ಸು ಹೋಗೋವರೆಗೂ ನಿಂತಿರ್ತೀನಿ. ಹೋಗೋರೆಲ್ಲ ನಮ್ಮೂರಿಂದ್ಲೇ ಹಾರಬೇಕು, ಬಲಗೈದು ಒಂದೇ ಒಂದು ಸಲಾನೂ ಒತ್ತಬಾರದು" ಎಂದರು. ಜೇಬಿನಿಂದ ಆ ಯಂತ್ರ ತೆಗೆದು, ಅಂಕಿಗಳನ್ನೆಲ್ಲ ಹಿಂದಕ್ಕೆ ತಿರುಗಿಸಿ ನನ್ನ ಕಡೆ ಹಿಡಿದರು. "ಹದಿನಾರು ವರ್ಷ ಎಣಿಸಿದ್ದೀನಿ ರೀ. ಒಂದು ದಿನ ಸೊನ್ನೆ ಬರೀಬೇಕು."