ಕಣದಲ್ಲಿ ಒಣಗಿಸಿದ ಮಣ್ಣು

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನನ್ನ ಮೊಮ್ಮಗಳು ಎಂ.ಟೆಕ್. ಪಾಸಾದಳು ಎಂದು ನಮ್ಮೂರು ಜಾವಳಿಯ ಬಸ್ಸಿನ ಕಂಡಕ್ಟರನಿಂದ ಹಿಡಿದು ಹಾಲಿನ ಡೇರಿಯವರವರೆಗೆ ಎಲ್ಲರಿಗೂ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ. ಹೇಳದೆ ಉಳಿದದ್ದು ಒಂದೇ.

ಅವಳು ಓದುತ್ತಿದ್ದದ್ದು ಮಣ್ಣನ್ನು. ನಮ್ಮ ಮನೆ ಹಿಂದಿನ ದರೆ, ಆ ಕಡಿದಾದ ಮಣ್ಣಿನ ಏರು, ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸ್ವಲ್ಪ ಕೆಳಗೆ ಕೂರುತ್ತಿತ್ತು. ಅದು ಏಕೆ ಎಂದು ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದಳು. ಅದನ್ನೇ ಪರೀಕ್ಷೆ ಮಾಡಿ ಬರೆಯುತ್ತೇನೆ ಎಂದು ಒಂದು ಬೇಸಿಗೆಯಲ್ಲಿ ಬಂದು, ದರೆಗೆ ನಾಲ್ಕು ಕಬ್ಬಿಣದ ಕೊಳವೆ ಇಳಿಸಿ, ಮಣ್ಣು ತುಂಬಿಸಿಕೊಂಡು, ಎರಡೂ ಬಾಯಿಗೆ ಮೇಣ ಹಚ್ಚಿದಳು. ಒದ್ದೆ ಗೋಣಿ ಹೊದಿಸಿ ಜಗಲಿಯಲ್ಲಿಟ್ಟು, ಸಾಗಿಸಲು ಪೆಟ್ಟಿಗೆ ತರುತ್ತೇನೆಂದು ಚಿಕ್ಕಮಗಳೂರಿಗೆ ಹೋದಳು.

ನಾನು ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣದ ಮೇಸ್ತ್ರಿಯಾಗಿದ್ದವನು. ಒದ್ದೆ ಸಾಮಾನು ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂಬುದೊಂದೇ ನನ್ನ ವಿದ್ಯೆ. ಮೇಣ ಒಡೆದೆ. ಒನಕೆಯಿಂದ ಮಣ್ಣು ಹೊರದೂಡಿ, ಹೆಂಟೆ ಪುಡಿಮಾಡಿ, ಅಂಗಳವನ್ನೇ ಕಣ ಮಾಡಿ ಕಾಫಿ ಹರವುವ ಹಾಗೆ ಹರವಿದೆ. ಗಂಟೆಗೊಮ್ಮೆ ಕಾಲಲ್ಲಿ ಮಗುಚಿದೆ. ಬೇರು, ಕಲ್ಲು ಆರಿಸಿ ಚೀಲಕ್ಕೆ ಕಟ್ಟಿದೆ.

ಸಂಜೆ ಬಂದವಳು ಕೇಳಿದಳು: "ಅಜ್ಜ, ಕೊಳವೆ ಖಾಲಿ ಇದಾವಲ್ಲ?"

"ಒಣಗ್ಸಿ ಇಟ್ಟಿದೀನಿ ಮಾರಾಯ್ತಿ. ಒಂದು ಕಲ್ಲು ಸಿಕ್ಕಿದ್ರೆ ನನ್ನ ಕೇಳು."

ಅವಳು ಪೆಟ್ಟಿಗೆ ಕೆಳಗಿಟ್ಟು ಜಗಲಿ ಮೇಲೆ ಕುಳಿತಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೀರು ಹಾಕಿ ಮತ್ತೆ ತುಂಬಿದ್ರೆ ಆಗದಿಲ್ವಾ?" ಎಂದೆ.

ಅವಳು ನಲ್ಲಿ ಹತ್ತಿರದ ಕೆಸರು ತಂದು, ಹೆಬ್ಬೆರಳು ಒತ್ತಿ ತೆಗೆದಳು. "ನೋಡಿ ಅಜ್ಜ, ರಬ್ಬರ್ ಆಗಿದ್ರೆ ಮೇಲೆ ಬರ್ತಿತ್ತು. ಇದು ಬರಲ್ಲ. ಮೇಲೆ ಎಷ್ಟು ಭಾರ ಇತ್ತು ಅನ್ನೋದು ಮಣ್ಣಿನ ಒಳಗೇ ಉಳಿದಿರ್ತದೆ. ನಾನು ನೋಡ್ಬೇಕಿದ್ದಿದ್ದು ಅದನ್ನೇ. ಪುಡಿ ಮಾಡಿದ್ಮೇಲೆ ಅದೂ ಹೋಯ್ತು."

"ದರೆ ಅಲ್ಲೇ ಇದೆಯಲ್ಲ, ಇನ್ನೊಂದ್ಸಲ ತೆಗಿ."

"ಕೊಳವೆ ನಾಳೆನೇ ಕಾಲೇಜಿಗೆ ವಾಪಸ್ ಕೊಡ್ಬೇಕು ಅಜ್ಜ. ಮಳೆ ಮುಗಿದ್ಮೇಲೆ ಬರ್ತೀನಿ."

ಮಳೆ ಮುಗಿಯುವಷ್ಟರಲ್ಲಿ ರಸ್ತೆ ಅಗಲ ಮಾಡಲು ಯಂತ್ರ ಬಂದು ಆ ದರೆಯನ್ನೇ ಕಡಿದು ಹಾಕಿತು. ಅವಳು ಆಲ್ದೂರಿನ ಕಡೆಯ ಮಣ್ಣು ತೆಗೆದು, ಅರ್ಧ ವರ್ಷ ಹೆಚ್ಚು ಕೂತು ಬರೆದಳು. ಅಲ್ಲಿ ಮಣ್ಣು ತೆಗೆದ ದಿನ ಕೊಳವೆ ಕಾಯಲು ನಾನೂ ಹೋಗಿದ್ದೆ. ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ.

ಈಗ ಆ ದಪ್ಪ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟಿದ್ದಾಳೆ. ಎಲ್ಲ ಇಂಗ್ಲಿಷು. ಹಾಳೆ ತಿರುವುತ್ತಾ ಕೇಳಿದೆ:

"ನಮ್ಮ ಜಾವಳಿ ಎಲ್ಲಿ ಬಂದಿದೆ, ತೋರ್ಸು."

"ಇಲ್ಲ ಅಜ್ಜ" ಎಂದಳು ಮೆಲ್ಲಗೆ. "ಇದು ಆಲ್ದೂರಿಂದು."

ದರೆ ಏಕೆ ಕೂರುತ್ತಿತ್ತು ಎಂದು ಅವಳು ಈಗ ಕೇಳುವುದಿಲ್ಲ.