ಅತ್ತಿಗೆಯ ಕೈಯಿಂದ ತೆರೆಸಿದ ಪೆಟ್ಟಿಗೆಗಳು

ನಾನು ನನ್ನ ಅತ್ತಿಗೆಗೆ ಮೋಸ ಮಾಡಿದೆ. ಅವಳ ಕೈಗುಣ ಕೆಟ್ಟಿತು ಎಂದು ನಮ್ಮೂರು ಸಗರದ ಮಂದಿ ಆಡಿಕೊಂಡಾಗ, ಅದು ಸುಳ್ಳು ಎಂದು ಗೊತ್ತಿದ್ದವನು ಊರಿಗೆಲ್ಲ ನಾನೊಬ್ಬನೇ — ಮತ್ತು ಬಾಯಿ ಮುಚ್ಚಿಕೊಂಡು ಕೂತೆ. ಒಂದು ದಿನವಲ್ಲ, ನಾಲ್ಕು ವರ್ಷ. ಈಗ ಹೇಳುತ್ತಿರುವುದು ಧೈರ್ಯ ಬಂದಿದೆ ಎಂದಲ್ಲ. ಸುಮ್ಮನಿರುವುದು ಇನ್ನು ನನ್ನಿಂದ ಆಗುತ್ತಿಲ್ಲ, ಅಷ್ಟೆ.

ಅತ್ತಿಗೆಯ ಹೆಸರು ನಾಗಮ್ಮ. ನನ್ನ ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಮರುವರ್ಷ ಅಣ್ಣನ ಮದುವೆಯಾಗಿ ಇವಳು ಮನೆಗೆ ಬಂದಳು. ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಶಾಲೆಗೆ ಹೋಗದಿದ್ದರೆ ಬೆನ್ನಿಗೆ ಬಾರಿಸಿದವಳು ಇವಳೇ. ನಮಗೆ ಹೊಲವಿಲ್ಲ. ಅಣ್ಣ ಹತ್ತಿ ಗಿರಣಿಯಲ್ಲಿ ಹಮಾಲಿ, ಅತ್ತಿಗೆ ಕಂಡವರ ಹೊಲದಲ್ಲಿ ಕೂಲಿ. ಆದರೆ ವರ್ಷಕ್ಕೊಮ್ಮೆ, ಹತ್ತಿ ಬೀಜ ಊರುವ ದಿನಗಳಲ್ಲಿ, ಅವಳು ಕೂಲಿಯವಳಾಗಿರುತ್ತಿರಲಿಲ್ಲ.

ನಮ್ಮ ಕಡೆ ಮೊದಲ ಬೀಜವನ್ನು ಕೈಗುಣ ಇರುವ ಹೆಂಗಸಿನಿಂದಲೇ ಊರಿಸುತ್ತಾರೆ. ಅವಳು ಮೊದಲ ಸಾಲಿನಲ್ಲಿ ಐದು ಬೀಜ ಊರಿದ ಮೇಲೆಯೇ ಉಳಿದವರು ಹೊಲಕ್ಕೆ ಇಳಿಯಬೇಕು. ಸಗರದಲ್ಲಿ ಆ ಕೈ ನಾಗಮ್ಮನದು. ಬೇರೆ ದಿನ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡುವ ಮನೆಗಳವರು ಅವತ್ತು ನಮ್ಮ ಬಾಗಿಲಿಗೆ ಬಂದು ‘ನಾಗಮ್ಮಾ, ಮುಂಜಾನಿ ಜಲ್ದಿ ಬಾರವ್ವ’ ಎಂದು ಕರೆಯುತ್ತಿದ್ದರು. ಬಿತ್ತಿದ ಮೇಲೆ ಕುಪ್ಪಸದ ಕಣ, ಕೊಬ್ಬರಿ ಕೊಟ್ಟು ಉಡಿ ತುಂಬುತ್ತಿದ್ದರು. ಆ ಕಣಗಳನ್ನು ಅವಳು ಹೊಲಿಸುತ್ತಲೇ ಇರಲಿಲ್ಲ. ಟ್ರಂಕಿನಲ್ಲಿ ಒಂದರ ಮೇಲೊಂದು ಇಟ್ಟು, ಬಂದವರಿಗೆ ತೆಗೆದು ತೋರಿಸುತ್ತಿದ್ದಳು — ಇದು ಸಾವುಕಾರರ ಮನಿದು, ಇದು ಗೌಡರ ಮನಿದು. ಅವಳಿಗೆ ಈ ಲೋಕದಲ್ಲಿ ಇದ್ದ ಒಂದೇ ಒಂದು ಮರ್ಯಾದೆ ಅದು. ನಾನು ಕಳೆದದ್ದು ಅದನ್ನು.

ನಾನು ಶಹಾಪುರದ ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ರೀಚಾರ್ಜು, ಒಡೆದ ಗಾಜು ಬದಲಿಸುವುದು — ಮತ್ತು ಉಳಿದ ಹೊತ್ತೆಲ್ಲ ಫೋನಿನಲ್ಲಿ ಬಂದೂಕಿನ ಆಟ. ನಾಲ್ವರು ಒಂದು ತಂಡ ಕಟ್ಟಿಕೊಂಡು, ಕಂಡವರಿಗೆ ಗುಂಡಿಕ್ಕಿ ಕೊನೆಗೆ ಉಳಿಯುವ ಆಟ. ಸುರಪುರದ ಟ್ರ್ಯಾಕ್ಟರ್ ಡ್ರೈವರ್‌ನಿಂದ ಹಿಡಿದು ಯಾದಗಿರಿಯ ಕಚೇರಿ ಗುಮಾಸ್ತನವರೆಗೆ ಆಗ ಎಲ್ಲರೂ ಅದರಲ್ಲೇ. ಸರಕಾರ ನಡುವೆ ಒಂದು ಆಟ ನಿಲ್ಲಿಸಿತು. ಅದೇ ಹೆಸರು ಬದಲಿಸಿಕೊಂಡು ತಿರುಗಿ ಬಂತು. ನಮ್ಮ ತಂಡ ಸೂತಕದ ಮನೆಯವರ ಹಾಗೆ ಕಾದು, ಮತ್ತೆ ಶುರು ಮಾಡಿತು.

ಆಟಕ್ಕೆ ದುಡ್ಡು ಕೊಡಬೇಕಾಗಿಲ್ಲ. ದುಡ್ಡು ಆಟದೊಳಗೆ ಮಾರುವ ಪೆಟ್ಟಿಗೆಗೆ. ಅದರಲ್ಲಿ ಏನಿದೆ ಎಂದು ತೆರೆಯುವ ತನಕ ಗೊತ್ತಾಗುವುದಿಲ್ಲ. ಮುಟ್ಟಿದರೆ ಅದು ಅಲುಗಾಡುತ್ತದೆ, ಸಂದಿನಿಂದ ಬೆಳಕು ಸೋರುತ್ತದೆ, ಬಣ್ಣಗಳು ಸಾಲಾಗಿ ಓಡುತ್ತವೆ — ನೀಲಿ, ನೀಲಿ, ನೇರಳೆ — ಚಿನ್ನದ ಬಣ್ಣದ ಹತ್ತಿರ ಬಂದಾಗ ನಿಧಾನವಾಗುತ್ತದೆ, ಇನ್ನೇನು ನಿಂತಿತು ಅನ್ನುವಾಗ ಒಂದು ಮನೆ ಮುಂದೆ ಜಾರಿ ನೀಲಿಗೆ ನಿಲ್ಲುತ್ತದೆ. ಆ ಒಂದು ಮನೆಯ ಅಂತರವೇ ಮನುಷ್ಯನನ್ನು ಹಿಡಿಯುವುದು. ಸೋತೆ ಎಂದು ಅನ್ನಿಸುವುದೇ ಇಲ್ಲ. ಸ್ವಲ್ಪದರಲ್ಲಿ ತಪ್ಪಿತು ಅನ್ನಿಸುತ್ತದೆ. ಚಿನ್ನದ್ದು ಸಿಕ್ಕರೂ ಏನು? ಬಂದೂಕಿಗೆ ಹಚ್ಚುವ ಬಣ್ಣ. ಗುಂಡು ಮೊದಲಿನಷ್ಟೇ ದೂರ ಹೋಗುತ್ತದೆ. ಆದರೆ ಆಟ ಶುರುವಾಗುವ ಮೊದಲು ನಾಲ್ವರೂ ಒಟ್ಟಿಗೆ ನಿಂತಾಗ ನಿನ್ನದು ಹೊಳೆಯುತ್ತದೆ, ಉಳಿದವರು ನೋಡುತ್ತಾರೆ — ಅಷ್ಟು ಸಾಕು.

ಇದು ಹೊಸದೇನೂ ಅಲ್ಲ ಬಿಡಿ. ನಮ್ಮ ಶಾಲೆಯೆದುರಿನ ಅಂಗಡಿಯಲ್ಲಿ ಚೀಟಿಯ ಹಲಗೆ ನೇತಾಡುತ್ತಿತ್ತು. ಮೇಲ್ಗಡೆ ಪ್ಲಾಸ್ಟಿಕ್ ಪಿಸ್ತೂಲು, ದೊಡ್ಡ ಬಲೂನು; ಚೀಟಿ ಹರಿದರೆ ನಮಗೆ ಬರುತ್ತಿದ್ದದ್ದು ಪೆಪ್ಪರಮೆಂಟು. ಪಿಸ್ತೂಲಿನ ನಂಬರನ್ನು ಅಂಗಡಿಯವನು ಮೊದಲೇ ಕಿತ್ತಿಟ್ಟುಕೊಂಡಿದ್ದ ಎಂದು ತಿಳಿಯುವ ಹೊತ್ತಿಗೆ ನಾವು ಹೈಸ್ಕೂಲಿಗೆ ಬಂದಿದ್ದೆವು. ಅದೇ ಹಲಗೆ ಯಾವ ಯಾವುದೋ ದೇಶ ಸುತ್ತಿ, ಕಂಪ್ಯೂಟರಿನ ಆಟಗಳಲ್ಲಿ ಕೂತು, ಕೊನೆಗೆ ನಮ್ಮ ಅಂಗಿಯ ಜೇಬಿಗೆ ಬಂತು. ಕೆಲವು ದೇಶಗಳಲ್ಲಿ ಇದು ಜೂಜೇ ಎಂದು ತಡೆದರಂತೆ. ಗದ್ದಲವಾದ ಮೇಲೆ ಆಟದವರು ಯಾವುದು ಎಷ್ಟು ಸಲಕ್ಕೊಮ್ಮೆ ಬರುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬರೆಯತೊಡಗಿದರು. ಓದುವವರು ಯಾರು? ನಾನು ಓದಿದೆ. ನನ್ನ ತಪ್ಪು ಅಲ್ಲಿಂದಲೇ ಹೊರಟದ್ದು.

ಸಣ್ಣ ಅಕ್ಷರದಲ್ಲಿ ಇದ್ದದ್ದು ಇಷ್ಟು: ನಲವತ್ತೊಂಬತ್ತು ಪೆಟ್ಟಿಗೆ ತೆರೆದರೂ ಚಿನ್ನದ್ದು ಬರದಿದ್ದರೆ, ಐವತ್ತನೆಯದರಲ್ಲಿ ಬಂದೇ ಬರುತ್ತದೆ. ಎಷ್ಟಾಯಿತು ಎನ್ನುವ ಎಣಿಕೆ ತೆರೆಯ ಒಂದು ಮೂಲೆಯಲ್ಲಿ ಇರುವೆಯಷ್ಟು ಇರುತ್ತಿತ್ತು. ಬಂತೋ, ಎಣಿಕೆ ಮತ್ತೆ ಸೊನ್ನೆ.

ಒಂದು ಸಂತೆಯ ದಿನ ಅತ್ತಿಗೆ ಬಸ್ಸಿಗೆ ಕಾಯುತ್ತ ನಮ್ಮ ಅಂಗಡಿಯಲ್ಲಿ ಕೂತಿದ್ದಳು. ನನ್ನ ಎಣಿಕೆ ನಲವತ್ತೊಂಬತ್ತಕ್ಕೆ ಬಂದಿತ್ತು. ಗೆಳೆಯರಿಬ್ಬರು ಪಕ್ಕದಲ್ಲಿದ್ದರು. ಏನು ಬುದ್ಧಿ ಬಂತೋ — ಫೋನನ್ನು ಅವಳ ಮುಂದೆ ಹಿಡಿದು, ‘ಅತ್ತಿಗಿ, ಇಲ್ಲಿ ಒಂದು ಬಟ್ಟು ಇಡು’ ಎಂದೆ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಟ್ಟಿದಳು. ಪೆಟ್ಟಿಗೆ ಒಡೆದು ಚಿನ್ನದ ಬೆಳಕು ಚೆಲ್ಲಿತು.

‘ಎವ್ವಾ! ನಿನ್ನ ಫೋನು ಹಬ್ಬ ಮಾಡಾಕತ್ತದಲ್ಲೋ ಮೋನ್ಯಾ!’ ಎಂದು ಅವಳು ನಕ್ಕಳು.

ಗೆಳೆಯರು ನಗಲಿಲ್ಲ. ಸಗರದ ನಾಗಮ್ಮನ ಕೈ ಎಂಥದ್ದು ಎಂದು ಅವರಿಗೂ ಗೊತ್ತಿತ್ತು. ಎರಡೇ ವಾರದಲ್ಲಿ ಮಾತು ಹಬ್ಬಿತು. ಸಂತೆಯ ದಿನ ಜನ ಫೋನು ಹಿಡಿದು ಅಂಗಡಿಗೆ ಬರತೊಡಗಿದರು — ಮೀಸೆ ಬಂದವರು, ಮಕ್ಕಳ ತಂದೆಯರು. ನಾನು ಮೊದಲು ಮೂಲೆಯ ಎಣಿಕೆ ನೋಡುತ್ತಿದ್ದೆ. ಕಡಿಮೆ ಇದ್ದರೆ, ‘ಮೊದಲ ನಿಮ್ಮ ಕೈಲೆ ತೆರಿರಿ, ಕಡೀಕ ಅತ್ತಿಗಿ ಕೈ ಹಚ್ಚಸೂಣು’ ಎನ್ನುತ್ತಿದ್ದೆ. ಅವರು ತೆರೆಯುತ್ತಿದ್ದರು: ನೀಲಿ, ನೀಲಿ, ನೀಲಿ. ಎಣಿಕೆ ತುಂಬಿದಾಗ ಅವಳನ್ನು ಕರೆಯುತ್ತಿದ್ದೆ. ಪೆಟ್ಟಿಗೆಗಳಿಗೆ ದುಡ್ಡು ತುಂಬುವುದು ನಮ್ಮ ಅಂಗಡಿಯಲ್ಲೇ ಆದ್ದರಿಂದ ಮಾಲೀಕನೂ ಖುಷಿ. ಆದರೆ ನಾನು ಮಾಡಿದ್ದು ಅದಕ್ಕಲ್ಲ, ನಿಜ ಹೇಳುತ್ತೇನೆ. ಊರಿನ ದೊಡ್ಡವರು ನನ್ನ ಮುಂದೆ ನಿಂತು ‘ಈಗ ತೆರಿಯೂಣೇನು?’ ಎಂದು ಕೇಳುತ್ತಿದ್ದರಲ್ಲ — ಅದು ಬೇಕಾಗಿತ್ತು ನನಗೆ. ಅತ್ತಿಗೆಗೂ ಇದೊಂದು ತಮಾಷೆ. ಯಾರದೋ ಫೋನು ಬೆಳಗಿದರೆ ಅವರಿಗಿಂತ ಇವಳಿಗೇ ಹಿಗ್ಗು.

ಆಮೇಲೆ ಸಿದ್ರಾಮಪ್ಪ ಸಾವುಕಾರ ಬಂದ. ಸಗರದಲ್ಲಿ ದೊಡ್ಡ ಹೊಲ ಅವನದು. ಅತ್ತಿಗೆ ವರ್ಷವೂ ಮೊದಲು ಬೀಜ ಊರುತ್ತಿದ್ದದ್ದು ಅಲ್ಲಿಯೇ. ಮೂವತ್ತೈದರ ಗಂಡಸು, ಆಟದ ಹುಚ್ಚು ನಮಗಿಂತ ಹೆಚ್ಚು. ಒಂದು ಕೆಂಪು-ಚಿನ್ನದ ಬಂದೂಕು ಆ ಸಂಜೆಗೆ ಮಾರಾಟ ನಿಲ್ಲುವ ಹೊಸ ಪೆಟ್ಟಿಗೆಯಲ್ಲಿತ್ತು. ತನ್ನ ತಂಡದವರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಬಂದಿದ್ದ.

‘ನನ್ನ ಕೈ ಬ್ಯಾಡೇ ಬ್ಯಾಡ. ಮೊದಲಿಂದ ಕಡೀತನಕ ನಾಗಮ್ಮನ ಕೈಲೇ ತೆರಸು’ ಎಂದ.

ಮೂಲೆ ನೋಡಿದೆ. ಸೊನ್ನೆ. ಅವನು ಹಾಕಿಸಿದ ದುಡ್ಡಿಗೆ ಬರುವುದು ಮೂವತ್ತು ಪೆಟ್ಟಿಗೆ. ಐವತ್ತರ ಹತ್ತಿರಕ್ಕೂ ಹೋಗುವುದಿಲ್ಲ. ಒಂದು ಮಾತು ಹೇಳಿದ್ದರೆ — ಇವತ್ತು ಬ್ಯಾಡ್ರಿ ಸಾವುಕಾರ, ಅಂದಿದ್ದರೂ ಸಾಕಿತ್ತು. ಆದರೆ ಅಂಗಡಿ ತುಂಬ ಜನ. ಎಲ್ಲರ ಕಣ್ಣು ನನ್ನ ಮೇಲೆ.

‘ತೆರಸ್ರಿ. ಬಂದೇ ಬರ್ತದ’ ಎಂದೆ.

ಅತ್ತಿಗೆ ಮುಟ್ಟಿದಳು. ನೀಲಿ. ಮತ್ತೆ ಮುಟ್ಟಿದಳು. ಮೊದಮೊದಲು ಎಲ್ಲರೂ ನಕ್ಕರು. ಹತ್ತು ದಾಟಿದ ಮೇಲೆ ಜನ ಫೋನು ಬಿಟ್ಟು ಅವಳ ಬೆರಳನ್ನೇ ನೋಡತೊಡಗಿದರು. ಪ್ರತಿ ಸಲವೂ ಅವಳು ಬೆರಳನ್ನು ಸೆರಗಿಗೆ ಒರೆಸುತ್ತಿದ್ದಳು, ಬೆರಳಿಗೆ ಏನೋ ಅಂಟಿದೆ ಎನ್ನುವಂತೆ. ಇಪ್ಪತ್ತರ ಹೊತ್ತಿಗೆ ನನ್ನ ಕಡೆ ನೋಡಿ ‘ಸಾಕೇನೋ, ಮೋನ್ಯಾ?’ ಎಂದಳು, ಮೆಲ್ಲಗೆ. ನಾನು ರೀಚಾರ್ಜ್ ಪುಸ್ತಕದಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸಿದೆ. ಮೂವತ್ತೂ ಮುಗಿದವು. ಸಾವುಕಾರ ಫೋನು ಕಸಿದುಕೊಂಡು ಎದ್ದ.

‘ಈಕಿ ಕೈ ಸತ್ತದ’ ಎಂದ. ಅವಳಿಗಲ್ಲ, ಜನಕ್ಕೆ ಹೇಳಿದ.

ಅದೇ ತಿಂಗಳು ಬಿತ್ತನೆ. ಸಾವುಕಾರ ಮೊದಲ ಬೀಜಕ್ಕೆ ಬೇರೆ ಹೆಂಗಸನ್ನು ಕರೆಸಿದ. ಆ ವರ್ಷ ಕಾಲುವೆಗೆ ನೀರು ಬಿಟ್ಟದ್ದು ಹದಕ್ಕೆ ಸರಿಯಾಗಿ, ಅವನ ಹತ್ತಿ ಹಿಂದೆಂದೂ ಇಲ್ಲದಷ್ಟು ಬಂತು. ಇನ್ನೇನು ಸಾಕ್ಷಿ ಬೇಕು ಮಂದಿಗೆ? ಮರುವರ್ಷ ಗೌಡರು ಕರೆಯಲಿಲ್ಲ. ಅದರ ಮುಂದಿನ ವರ್ಷ ಅವಳು ಬೆಳಗಿನಿಂದ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಳು, ಯಾರೂ ಬರಲಿಲ್ಲ. ಕೊನೆಗೆ ಬೀಜ ಊರುವ ಕೂಲಿಗೂ ಕರೆಯುವುದನ್ನು ಬಿಟ್ಟರು. ಕಳೆ ತೆಗೆಯಲು, ಹತ್ತಿ ಬಿಡಿಸಲು ಕರೆಯುತ್ತಿದ್ದರು. ಬೀಜ ಮಾತ್ರ ಮುಟ್ಟಿಸುತ್ತಿರಲಿಲ್ಲ.

ಆಗ ನಾನು ಹೇಳಬಹುದಿತ್ತು. ಸಾವುಕಾರನ ಮನೆಗೆ ಹೋಗಿ, ಫೋನಿನ ಮೂಲೆ ತೋರಿಸಿ, ‘ಇದು ಎಣಿಕೆ, ಕೈಯಲ್ಲ’ ಎನ್ನಲು ಎರಡು ನಿಮಿಷ ಸಾಕಿತ್ತು. ಆದರೆ ಹಾಗಂದರೆ, ಅಷ್ಟು ದಿನ ನಾನು ಎಲ್ಲರನ್ನೂ ಮಂಗ ಮಾಡಿದೆ ಎಂದು ಒಪ್ಪಿದಂತಾಗುತ್ತಿತ್ತು. ಕೆಲಸ ಹೋಗುತ್ತಿತ್ತು, ಏಟೂ ಬೀಳುತ್ತಿದ್ದವು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ — ಆಟ ಬಿಟ್ಟೆ, ಆ ಅಂಗಡಿ ಬಿಟ್ಟೆ, ಯಾದಗಿರಿಗೆ ಹೋಗಿ ಬೇರೆ ಕೆಲಸ ಹಿಡಿದೆ, ಮದುವೆಯಾದೆ. ಅದೊಂದನ್ನು ಮಾತ್ರ ಹೇಳಲಿಲ್ಲ.

ಈ ವರ್ಷ ನನಗೆ ಮಗಳು ಹುಟ್ಟಿದಳು. ಸಗರದ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವನ್ನು ಮೊದಲು ಎತ್ತಿ ಕೊಡಬೇಕಾದವಳು ಅತ್ತಿಗೆ. ನನಗೆ ತಾಯಿ ಎಂದರೆ ಅವಳೇ ಅಲ್ಲವೇ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಹೆಂಡತಿ ಹೋಗಿ ಕರೆದಳು. ಅತ್ತಿಗೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ‘ಬ್ಯಾಡವ್ವ. ಕೂಸಿನ್ನೂ ಎಳೀದು. ನನ್ನ ಕೈ ಚಲೋ ಇಲ್ಲ’ ಎಂದಳು. ಬೇಸರದಿಂದ ಹೇಳಿದ್ದಲ್ಲ, ಸಿಟ್ಟಿನಿಂದಲೂ ಅಲ್ಲ. ನೆಗಡಿ ಆಗಿದೆ, ದೂರ ಇರುತ್ತೇನೆ ಅನ್ನುವಷ್ಟು ಸಹಜವಾಗಿ. ಊರು ಹೇಳಿದ್ದನ್ನು ಅವಳು ನಂಬಿಬಿಟ್ಟಿದ್ದಳು. ಅಷ್ಟು ದಿನ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಜನ ಅವಳನ್ನು ಕರೆಯುತ್ತಿಲ್ಲ ಎಂದಷ್ಟೇ ನನ್ನ ಲೆಕ್ಕ; ತನ್ನ ಕೈಗೆ ತಾನೇ ಹೆದರಿಕೊಂಡು ನಾಲ್ಕು ವರ್ಷ ಬದುಕಿದ್ದಾಳೆ ಎಂದು ಹೊಳೆದಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗು ಪಕ್ಕದ ಕೌದಿಯ ಮೇಲೆ ಮಲಗಿತ್ತು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ಮೂಲೆಯ ಎಣಿಕೆ, ಐವತ್ತನೆಯದು, ಸಾವುಕಾರನ ಸೊನ್ನೆ — ಒಂದೂ ಬಿಡಲಿಲ್ಲ. ‘ನಿನ್ನ ಕೈಗೆ ಏನೂ ಆಗಿಲ್ಲ ಅತ್ತಿಗಿ. ನಾನೇ ಮಾಡಿದ್ದು’ ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೂ ತಲೆ ಒಡ್ಡುತ್ತಿದ್ದೆ.

ಅವಳು ಮೊರದಲ್ಲಿ ಕೈಯಾಡಿಸುತ್ತಲೇ ಇದ್ದಳು. ಒಂದು ಹರಳು ಆರಿಸಿ ಆಚೆ ಎಸೆದು ಕೇಳಿದಳು.

‘ಫೋನಿನಾಗ ನನ್ನ ಕೈದು ಏನೂ ಇರಲಿಲ್ಲ ಅಂತೀ?’

‘ಇಲ್ಲ.’

‘ಹಂಗಾರ ಹೊಲದಾಗೂ ಇದ್ದಿರಲಿಕ್ಕಿಲ್ಲ. ಕಾಲುವಿಗೆ ನೀರು ಬಂತು, ಬೆಳಿ ಬಂತು. ಹೌದಲ್ಲೋ?’

ಹೌದು ಅನ್ನಲೇ, ಇಲ್ಲ ಅನ್ನಲೇ — ಇನ್ನೊಂದು ಸುಳ್ಳು ಹೇಳುವ ಮುಖ ನನಗಿರಲಿಲ್ಲ, ನಿಜ ಹೇಳುವ ಎದೆಯೂ ಇರಲಿಲ್ಲ. ಅವಳು ಕಾಯಲೂ ಇಲ್ಲ.

‘ಕೆಟ್ಟೋತು ಅಂದ್ರ, ಒಮ್ಮೆ ಚಲೋ ಇತ್ತು ಅಂತಾದ್ರೂ ಇರ್ತಿತ್ತು’ ಎಂದಳು. ನನಗೆ ಹೇಳಿದಂತೆ ಇರಲಿಲ್ಲ ಅದು.

ಅಷ್ಟರಲ್ಲಿ ಮಗು ಎದ್ದು ಅತ್ತಿತು. ಅತ್ತಿಗೆ ಮೊರ ಕೆಳಗಿಟ್ಟು, ಕೈ ಝಾಡಿಸಿಕೊಂಡು, ಹಿಂದೆ ಮುಂದೆ ನೋಡದೆ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ‘ಇನ್ನೇನದ. ಯಾರ ಕೈ ಆದ್ರೇನು, ಎಲ್ಲಾ ಒಂದ’ ಎನ್ನುತ್ತ ಅದರ ಬೆನ್ನು ತಟ್ಟತೊಡಗಿದಳು.

ಅವಳು ನನ್ನ ಮಗಳನ್ನು ಎತ್ತಿಕೊಳ್ಳಲಿ ಎಂದೇ ನಾನು ಅಷ್ಟೆಲ್ಲ ಹೇಳಿದ್ದು. ಎತ್ತಿಕೊಂಡಳು. ನಾನು ಅಲ್ಲಿಯೇ ಕೂತು ನೋಡಿದೆ. ಒಮ್ಮೆಯೂ ಅವಳು ನನ್ನ ಕಡೆ ತಿರುಗಲಿಲ್ಲ.